ನಿಕಾಹ್‌ಗೆ ಮುಂಚಿನ ವರ್ಷಗಳು

ಕನ್ನಡದ ಮುಸ್ಲಿಂ ಕಥನದಲ್ಲಿ ಮದುವೆಯೆಂಬುದು ಬಹುಮಟ್ಟಿಗೆ ಬೇಗನೆ ಆಗಿಹೋದ ಸಂಗತಿ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ಸಂಕಟ ಮೊದಲಾಗುವುದು ಮದುವೆಯ ಬಳಿಕ: ತಂದೆಯ ಹಟಕ್ಕೆ ತಲಾಖ್, ಗಂಡನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನೊಡನೆ ಒಂದು ದಿನದ ಮದುವೆ, ಕೊನೆಗೆ ಮಸೀದಿಯ ಕೊಳ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಮೆಹರುನ್ ತವರಿಗೆ ಬಂದರೆ ಸೋದರರು ಅವಳನ್ನು ಗಂಡನ ಮನೆಗೇ ಮರಳಿಸುತ್ತಾರೆ. ಈ ಕೃತಿಗಳ ನೈತಿಕ ಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇವುಗಳಿಂದ ನಮ್ಮ ವಿಮರ್ಶೆ ಒಂದು ಅಭ್ಯಾಸವನ್ನು ರೂಢಿಸಿಕೊಂಡಿದೆ: ಮುಸ್ಲಿಂ ಯುವತಿಯ ಕಥೆ ನಿಕಾಹ್‌ನಿಂದಲೇ ಆರಂಭವಾಗುತ್ತದೆ, ತವರು ಅವಳು ನೊಂದು ಮರಳುವ ಸ್ಥಳವಾಗಿ ಮಾತ್ರ ಕಾಣುತ್ತದೆ. ಮದುವೆಗೆ ಮುಂಚಿನ ವರ್ಷಗಳು ಈ ಓದಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಆ ವರ್ಷಗಳೀಗ ಹಲವು ಮುಸ್ಲಿಂ ಸಮಾಜಗಳಲ್ಲಿ ಹಿಗ್ಗಿವೆ. ಈಜಿಪ್ಟಿನ ಯುವಜನರ ಪ್ರಾಯ ಮದುವೆಯ ಖರ್ಚು ಹೊಂದಿಸುವುದರಲ್ಲೇ ಸವೆಯುವುದನ್ನು ಗಮನಿಸಿದ ಡಯೇನ್ ಸಿಂಗರ್‌ಮನ್ ಅದನ್ನು ‘ವೇಟ್‌ಹುಡ್’ ಎಂದು ಕರೆದರು. ‘ಕಾಯುವ ಪ್ರಾಯ’ ಎನ್ನೋಣ. ಇಂಡೊನೇಷ್ಯಾ 2019ರಲ್ಲಿ ಹೆಣ್ಣಿನ ಕನಿಷ್ಠ ವಿವಾಹವಯಸ್ಸನ್ನು 16ರಿಂದ 19ಕ್ಕೆ ಏರಿಸಿತು. ಖರ್ಚು ತಡೆದ ಮದುವೆ ಬೇರೆ, ಕಾನೂನು ಮುಂದೂಡಿದ ಮದುವೆ ಬೇರೆ. ಎರಡನ್ನೂ ‘ಪ್ರಗತಿ’ಯ ಒಂದೇ ಕಡತಕ್ಕೆ ಸೇರಿಸಿದರೆ ಕಾಯುತ್ತಿರುವವರು ಮರೆಯಾಗುತ್ತಾರೆ.

ನಮ್ಮ ಗಡಿಯಲ್ಲಿ ಈ ಕಾಯುವಿಕೆಗೆ ಭಾಷೆಯ ತೊಡಕೂ ಸೇರಿಕೊಂಡಿದೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದರ ಸುತ್ತ ಬಹುಪಾಲು ಕರ್ನಾಟಕವೇ. ಇಲ್ಲಿನ ಮುಸ್ಲಿಮರಿಗೆ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಕನ್ನಡ ಮಾಧ್ಯಮದಲ್ಲಿ ಅಕ್ಷರ ಕಲಿತ ದಖ್ಖನಿ ಮನೆಯ ಹುಡುಗಿ ಜನಗಣತಿಯಲ್ಲಿ ಸಾಮಾನ್ಯವಾಗಿ ಉರ್ದುವಿನವಳು, ಹೀಗಾಗಿ ಕನ್ನಡ ಅಲ್ಪಸಂಖ್ಯಾತರ ಲೆಕ್ಕದಿಂದ ಹೊರಗೆ. (ನಮ್ಮಂಥವರ ಅಧ್ಯಯನಗಳೂ ಅವಳನ್ನು ಎಣಿಸಿದ್ದು ಅಪರೂಪ.) ತೆಲುಗಿನ ರಾಜ್ಯದಲ್ಲಿ ಅವಳ ಕನ್ನಡದ ಓದಿಗೆ ನೌಕರಿ ದೂರ, ಗಡಿ ದಾಟಿದರೆ ಅವಳು ಹೊರರಾಜ್ಯದವಳು. ನೌಕರಿಗೂ ಸಂಬಂಧಕ್ಕೂ ಅವಳು ಒಟ್ಟೊಟ್ಟಿಗೇ ಕಾಯಬೇಕು.

ಈ ವಿಷಯದಲ್ಲಿ ಕಥೆಗಾರರಿಗಿಂತ ಮೊದಲು ಬರೆದವರು ಸರ್ಕಾರದವರು. ಆಂಧ್ರದಲ್ಲಿ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ‘ವೈಎಸ್ಆರ್ ಶಾದಿ ತೋಫಾ’ ಮುಸ್ಲಿಂ ವಧುವಿನ ಮನೆಗೆ ಒಂದು ಲಕ್ಷ ರೂಪಾಯಿ ಕೊಡುತ್ತಿದ್ದ ಯೋಜನೆ. ವಧುವಿಗೆ 18, ವರನಿಗೆ 21 ತುಂಬಿರಬೇಕಿತ್ತು. ಇಬ್ಬರೂ ಹತ್ತನೆಯ ತರಗತಿ ಪಾಸಾಗಿರಬೇಕಿತ್ತು. ಕರ್ನಾಟಕದ ‘ಬಿದಾಯಿ’ಯ ನೆರವು 50,000 ರೂಪಾಯಿ ಇತ್ತು. ಓದನ್ನು ಷರತ್ತಾಗಿಸಿದ್ದು ಒಳ್ಳೆಯದೇ. ಆದರೆ ಈ ಹಣ ಮದುವೆಯ ಖರ್ಚನ್ನು ಸಹಜವೆಂದು ಒಪ್ಪಿಕೊಂಡೇ ಬರುತ್ತಿತ್ತು. ಮಹರ್ ವರನು ವಧುವಿಗೆ ಕೊಡಬೇಕಾದ್ದು. ದಖ್ಖನಿನ ‘ಜೋಡೆ ಕಿ ರಕಮ್’ ವಧುವಿನ ಕಡೆಯಿಂದ ವರನಿಗೆ ಹೋಗುವಂಥದು. ಮದುವೆಗಳನ್ನು ತಡೆದಿರುವ ಈ ತಿರುವುಮುರುವಿನ ಬಗ್ಗೆ ಯೋಜನೆಯ ಪಠ್ಯ ಮೌನವಾಗಿದೆ.

ಬರೆಯಬೇಕಾದ ಕಥೆ ಇರುವುದು ಆ ಮೌನದಲ್ಲಿ. ಸಿದ್ಧ ಉಡುಪಿನ ಊರಾದ ರಾಯದುರ್ಗದಲ್ಲಿ ಹೊಲಿದು ಮನೆ ನಡೆಸುವ ಅಕ್ಕ, ಅವಳ ಸರದಿ ಮುಗಿಯಲೆಂದು ಕಾದ ತಂಗಿ, ಇಬ್ಬರೂ ದಡ ಸೇರಲೆಂದು ನಿಂತ ತಮ್ಮ—ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಇಲ್ಲಿ ನಾದಿರಾಳ ತಂದೆಯಂಥವನೊಬ್ಬ ಬೇಕಿಲ್ಲ. ದುಡಿಯುವ ಮಗಳನ್ನು ಬಿಟ್ಟುಕೊಡಲಾರದ ತಾಯಿ ಪ್ರೀತಿಯಿಂದಲೇ ಬಂದ ಸಂಬಂಧವನ್ನು ಹಿಂದಕ್ಕೆ ಕಳಿಸಬಹುದು. ಅದರಿಂದ ಮಗಳು ಒಳಗೊಳಗೇ ಹಗುರಾಗಲೂಬಹುದು. ಬಂಡಾಯದ ಕಾಲದಿಂದ ನಾವು ಬಳಸುತ್ತ ಬಂದ ‘ಪ್ರತಿಭಟನೆ’ಯ ಮಾನದಂಡಕ್ಕೆ ಈ ಹಗುರ ದಕ್ಕುವುದಿಲ್ಲ. ಭಾಷೆಯ ಪ್ರಶ್ನೆಯಂತೂ ಇದ್ದೇ ಇದೆ: ತಾಯಿ-ಮಗಳ ಮಾತು ದಖ್ಖನಿಯದು, ಸರ್ಕಾರಿ ಅರ್ಜಿ ತೆಲುಗಿನದು, ಆ ಮಗಳು ಬರೆಯಲು ಕಲಿತಿರುವುದು ಕನ್ನಡದಲ್ಲಿ.