ಬೆಳಕಿನ ಬಾಗಿಲೂ ಹೆಗಲಿನ ಭಾರವೂ

ಒಂದು ದಿನ ಹಳೇಬೀಡಿನ ಹೊಯ್ಸಳೇಶ್ವರನ ಭಿತ್ತಿಯಲ್ಲಿ ಸಾಲುಗಟ್ಟಿ ನಡೆದಿರುವ ಆನೆಗಳನ್ನು ಕಣ್ತುಂಬ ನೋಡಿ, ಮರುದಿನ ಮುಂಜಾನೆ ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಕೊಕ್ಕರೆಗಳ ಸಂಸಾರವನ್ನು ಕಾಣಬೇಕೆಂದು ಮನೆಯಿಂದ ಹೊರಡುವವನಿಗೆ, ಆ ಎರಡನ್ನೂ ಚಿತ್ರಿಸಬಲ್ಲ, ಆದರೆ ಹೆಗಲನ್ನು ದಣಿಸದ ಒಂದೇ ಕ್ಯಾಮೆರಾ ಬೇಕೆಂಬ ಆಸೆ ಹುಟ್ಟುವುದು ಸಹಜ. ವನ್ಯಜೀವಿಗಳ ಛಾಯಾಗ್ರಹಣವನ್ನೇ ವ್ರತವಾಗಿ ಹಿಡಿದವರು ಆರುನೂರು ಮಿಲಿಮೀಟರಿನ ದೊಡ್ಡ ಲೆನ್ಸನ್ನು ಹೊರುತ್ತಾರೆ. ಆ ಲೆನ್ಸೊಂದೇ ಮೂರು ಕಿಲೋ ತೂಗುತ್ತದೆ, ಅದಕ್ಕೊಂದು ಮುಕ್ಕಾಲಿ, ಮುಕ್ಕಾಲಿಯನ್ನು ಹೊರಲು ಇನ್ನೊಂದು ಚೀಲ. ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಮನೆಮಂದಿಯೊಡನೆ ಸಂಚರಿಸುವ ಗೃಹಸ್ಥನಿಗೆ ಅದು ಸಾಧ್ಯವೂ ಅಲ್ಲ, ಆವಶ್ಯಕವೂ ಅಲ್ಲ. ಅಂಥವನಿಗಾಗಿ ಇರುವುದೇ ಬ್ರಿಜ್ ಕ್ಯಾಮೆರಾ. ಜೇಬಿನ ಕ್ಯಾಮೆರಾಕ್ಕೂ ಲೆನ್ಸು ಬದಲಾಯಿಸುವ ದೊಡ್ಡ ಕ್ಯಾಮೆರಾಕ್ಕೂ ನಡುವಣ ಸೇತುವೆಯಂತಿರುವುದರಿಂದ ಅದಕ್ಕೆ ಆ ಹೆಸರು. ಲೆನ್ಸು ಅದರ ದೇಹಕ್ಕೇ ಅಂಟಿಕೊಂಡಿದ್ದು, ವಿಶಾಲ ದೃಶ್ಯದಿಂದ ದೂರದ ಹಕ್ಕಿಯವರೆಗೆ ತಾನೊಂದೇ ಎಟುಕಬಲ್ಲುದು.

ಈ ಬಗೆಯ ಕ್ಯಾಮೆರಾಗಳಲ್ಲಿ ಹಲವನ್ನು ಕೈಯಲ್ಲಿ ಹಿಡಿದು, ಕೆಲವನ್ನು ವರ್ಷಗಟ್ಟಲೆ ಬಳಸಿ, ನಾನು ತಳೆದಿರುವ ಅಭಿಪ್ರಾಯವನ್ನು ಇಲ್ಲಿ ಹೇಳಹೊರಟಿದ್ದೇನೆ. ಅಂಗಡಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಜೂಮ್ ಸಂಖ್ಯೆ: ಅರವತ್ತೈದು ಪಟ್ಟು, ಎಂಬತ್ತಮೂರು ಪಟ್ಟು, ನೂರಿಪ್ಪತ್ತೈದು ಪಟ್ಟು. ಸಂಖ್ಯೆ ಹೆಚ್ಚಿದಷ್ಟೂ ಹಕ್ಕಿ ಹತ್ತಿರವಾದೀತೆಂದು ಮನಸ್ಸು ನಂಬುತ್ತದೆ. ಆ ಸಂಖ್ಯೆಯಾದರೋ ಲೆನ್ಸಿನ ಅತಿ ಉದ್ದದ ತುದಿಯನ್ನು ಅತಿ ಗಿಡ್ಡ ತುದಿಯಿಂದ ಭಾಗಿಸಿದ ಲಬ್ಧ ಮಾತ್ರ. 3000 ಮಿಲಿಮೀಟರನ್ನು 24ರಿಂದ ಭಾಗಿಸಿದರೆ 125. ದೂರದ ಹಕ್ಕಿಯಿಂದ ಬರುವ ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಪ್ರವೇಶಿಸುತ್ತದೆ ಎಂಬುದನ್ನು ಅದು ತಿಳಿಸುವುದೇ ಇಲ್ಲ. ಹಕ್ಕಿಯ ಗರಿಯ ನವಿರನ್ನು ಚಿತ್ರದಲ್ಲಿ ಉಳಿಸುವುದು, ಮುಂಜಾವದ ಮಂಕು ಬೆಳಕಿನಲ್ಲಿಯೂ ರೆಕ್ಕೆಯ ಚಲನೆಯನ್ನು ಹಿಡಿದು ನಿಲ್ಲಿಸುವುದು ಆ ಬೆಳಕು.

ಬೆಳಕು ಒಳಹೋಗುವ ಬಾಗಿಲಿನ ಅಗಲವನ್ನು ಅಳೆಯುವುದು ಕಷ್ಟವಲ್ಲ. ಲೆನ್ಸಿನ ಅಂಚಿನಲ್ಲಿ ಕೆತ್ತಿರುವ ನಿಜವಾದ ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ನಿಕಾನ್ ಕಂಪನಿಯವರು 2015ರಲ್ಲಿ ಹೊರತಂದ ಪಿ900 ಎಂಬ ಕ್ಯಾಮೆರಾ ದೊಡ್ಡ ಕ್ಯಾಮೆರಾದ 2000 ಮಿಲಿಮೀಟರಿನ ಲೆನ್ಸಿಗೆ ಸಮನಾದ ನೋಟವನ್ನು ಕೊಡುವುದೆಂದು ಪ್ರಸಿದ್ಧವಾಯಿತು. ಅದರ ನಿಜವಾದ ಸಂಗಮದೂರ 357 ಮಿಲಿಮೀಟರು, ಆ ತುದಿಯಲ್ಲಿ ಎಫ್ ಸಂಖ್ಯೆ 6.5, ಬಾಗಿಲಿನ ಅಗಲ ಸುಮಾರು 55 ಮಿಲಿಮೀಟರು. ಸೋನಿಯವರ 2017ರ ಆರ್‌ಎಕ್ಸ್10 ನಾಲ್ಕನೆಯ ಆವೃತ್ತಿ 600 ಮಿಲಿಮೀಟರಿಗೇ ನಿಲ್ಲುತ್ತದೆ. ಅದರ ನಿಜವಾದ ಉದ್ದ 220, ಎಫ್ ಸಂಖ್ಯೆ 4, ಬಾಗಿಲು ಇಲ್ಲಿಯೂ 55 ಮಿಲಿಮೀಟರು! ಈ ಲೆಕ್ಕವನ್ನು ಮೊದಲ ಸಲ ಮಾಡಿ ನೋಡಿದ ಸಂಜೆ ನನಗಾದ ಆಶ್ಚರ್ಯ ಇನ್ನೂ ನೆನಪಿದೆ. ಒಂದೇ ಕೊಂಬೆಯ ಮೇಲೆ ಕುಳಿತ ಒಂದೇ ಹಕ್ಕಿಯಿಂದ ಎರಡೂ ಕ್ಯಾಮೆರಾಗಳು ಬರಮಾಡಿಕೊಳ್ಳುವ ಬೆಳಕು ಸಮನಾದದ್ದು. ಪಿ900 ಅದೇ ಬೆಳಕನ್ನು ಹೆಚ್ಚು ಹಿಗ್ಗಿಸಿ ಹರಡುತ್ತದೆ, ಅಷ್ಟೆ. ಹಿಗ್ಗಿಸುವುದಕ್ಕೂ ಒಂದು ಮಿತಿಯುಂಟು. ಕಿರಿದಾದ ದ್ವಾರದಲ್ಲಿ ಹಾದ ಬೆಳಕು ವಿವರ್ತನೆಯಿಂದಾಗಿ ಚುಕ್ಕೆಯಾಗಿ ಕೂಡದೆ ಸಣ್ಣದೊಂದು ಬಿಲ್ಲೆಯಾಗಿ ಹರಡುತ್ತದೆ. ಪಿ900ರ ಉದ್ದದ ತುದಿಯಲ್ಲಿ ಆ ಬಿಲ್ಲೆ ಆರಕ್ಕೂ ಹೆಚ್ಚು ಪಿಕ್ಸೆಲುಗಳಷ್ಟು ಅಗಲವಾಗುತ್ತದೆ. ಅಲ್ಲಿಂದಾಚೆಗೆ ಚಿತ್ರ ದೊಡ್ಡದಾದೀತು, ವಿವರ ಬೆಳೆಯದು.

ಇನ್ನುಳಿದವುಗಳನ್ನೂ ಹೀಗೆಯೇ ಅಳೆದೆ. ಕ್ಯಾನನ್‌ನ ಎಸ್‌ಎಕ್ಸ್70ರ ಬಾಗಿಲು 38 ಮಿಲಿಮೀಟರು, ತೂಕ 610 ಗ್ರಾಂ. ಪ್ಯಾನಸಾನಿಕ್‌ನ ಎಫ್‌ಜಡ್300ರದ್ದೂ ಹೆಚ್ಚುಕಡಮೆ ಅಷ್ಟೆ, ತೂಕ 691 ಗ್ರಾಂ. ಅದೇ ಕಂಪನಿಯ ಎಫ್‌ಜಡ್1000ರ ಎರಡನೆಯ ಆವೃತ್ತಿ 808 ಗ್ರಾಂ, ಬಾಗಿಲು 36 ಮಿಲಿಮೀಟರು. ಪಿ900 ತೂಗುವುದು 899 ಗ್ರಾಂ, ಸೋನಿಯದು 1095. ನಿಕಾನ್‌ನವರು 2018ರಲ್ಲಿ ತಂದ ಪಿ1000 ತನ್ನ ದ್ವಾರವನ್ನು 67 ಮಿಲಿಮೀಟರಿಗೆ ಅಗಲಿಸಿಕೊಂಡು 1415 ಗ್ರಾಮಿಗೆ ಏರಿತು. ಬೆಳಕನ್ನು ಹೆಚ್ಚಾಗಿ ಬಯಸುವವನು ಗಾಜನ್ನು ಹೊರಲೇಬೇಕು; ಎಷ್ಟು ಜಾಣ ಯಂತ್ರಶಿಲ್ಪಿಯಾದರೂ ಈ ಋಣದಿಂದ ನಮ್ಮನ್ನು ಬಿಡಿಸಲಾರ. ಆದ್ದರಿಂದ ಹಗುರವಾದ ಕ್ಯಾಮೆರಾವನ್ನು ಆರಿಸುವುದೆಂದರೆ, ನಮ್ಮ ಹೆಗಲು ದಿನವಿಡೀ ಸಂತೋಷದಿಂದ ಹೊರಬಲ್ಲ ಭಾರವೆಷ್ಟು, ಆ ಭಾರಕ್ಕೆ ದಕ್ಕುವ ಬೆಳಕೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ನಿಶ್ಚಯಿಸಿಕೊಳ್ಳುವುದೆಂದೇ ನಾನು ತಿಳಿದಿದ್ದೇನೆ.

ಈ ಲೆಕ್ಕಾಚಾರ ನೀರಿನ ಮೇಲೆ ಹೇಗೆ ಫಲಿಸಿತೆಂಬುದನ್ನು ಹೇಳಬೇಕು. ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, ಕ್ಯಾಮೆರಾಗಳ ಪರೀಕ್ಷೆಗೆ ನಾನು ಬಲ್ಲ ಸ್ಥಳಗಳಲ್ಲೆಲ್ಲ ಉತ್ತಮವಾದದ್ದು. ಹಕ್ಕಿಗಳು ಹತ್ತಿರವೂ ಇರುತ್ತವೆ, ದೂರವೂ ಇರುತ್ತವೆ, ಕಾಲ ಕೆಳಗಿನ ದೋಣಿಯಂತೂ ಒಂದು ಕ್ಷಣವೂ ನಿಶ್ಚಲವಾಗಿರದು. ಒಂದು ಮುಂಜಾನೆ ನನ್ನ ಮಿತ್ರರೊಬ್ಬರೂ ನಾನೂ ಒಂದೇ ಹಲಗೆಯ ಮೇಲೆ ಕುಳಿತಿದ್ದೆವು. ಅವರ ಕೈಯಲ್ಲಿ ಪಿ900, ನನ್ನದರಲ್ಲಿ ಆರ್‌ಎಕ್ಸ್10. ಸುಮಾರು ಮೂವತ್ತು ಮೀಟರು ದೂರದಲ್ಲಿ ಕಪ್ಪುಬಿಳುಪಿನ ಮಿಂಚುಳ್ಳಿಯೊಂದು ಬಂದು, ಕೊಕ್ಕನ್ನು ನೀರಿಗೆ ನೇರವಾಗಿ ಬಾಗಿಸಿ, ರೆಕ್ಕೆಗಳನ್ನು ತಲೆಯ ಮೇಲೆ ಬೀಸುತ್ತ, ಆಕಾಶಕ್ಕೆ ಮೊಳೆ ಹೊಡೆದು ತೂಗುಹಾಕಿದಂತೆ ನಿಂತಿತು. ಮಿತ್ರರು ಜೂಮನ್ನು ತುದಿಗೆ ಚಾಚಿದರು. ಆ ತುದಿಯಲ್ಲಿ, ಮೂವತ್ತು ಮೀಟರಿನಾಚೆ ಕಾಣುವ ಚೌಕಟ್ಟಿನ ಅಗಲ ಅರ್ಧ ಮೀಟರಿಗಿಂತ ಕೊಂಚ ಹೆಚ್ಚು. ದೋಣಿಯೊಮ್ಮೆ ಉಸಿರೆಳೆದರೆ ಹಕ್ಕಿ ಚೌಕಟ್ಟಿನ ಹೊರಗೆ. ಅವರು ಆಕಾಶವನ್ನೇ ಹುಡುಕುತ್ತಿದ್ದರು. ನನ್ನ ಚೌಕಟ್ಟಿನ ಅಗಲ ಒಂದು ಮುಕ್ಕಾಲು ಮೀಟರಿಗೂ ಮಿಕ್ಕಿತ್ತು, ಹಕ್ಕಿ ಅದರ ಏಳನೆಯ ಒಂದು ಭಾಗ ಮಾತ್ರ. ಆದರೆ ಅದು ಅಲ್ಲಿ ಇತ್ತು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳಂತೆ ಷಟರು ಸದ್ದಿಲ್ಲದೆ ನಡೆಯಿತು. ರೆಕ್ಕೆ ಮಡಿಸಿದ್ದು, ಬಿದ್ದದ್ದು, ನೀರು ಹೂವಿನಂತೆ ಅರಳಿದ್ದು, ಎಲ್ಲವೂ ಬಂದುವು. ಮಿತ್ರರಿಗೆ ಹಕ್ಕಿ ಸಿಕ್ಕಾಗ ಅವರ ಕ್ಯಾಮೆರಾ ಏಳು ಚಿತ್ರಗಳನ್ನು ತೆಗೆದು, ಅವನ್ನು ಬರೆದಿಟ್ಟುಕೊಳ್ಳಲು ನಿಂತಿತು. ಏಳು ಚಿತ್ರಗಳಿಗೊಮ್ಮೆ ಬಿಡುವು ಆ ಯಂತ್ರದ ಕಟ್ಟಳೆ, ಮತ್ತು ಮಿಂಚುಳ್ಳಿ ಧುಮುಕಿದ್ದು ಅದರ ನಂತರ.

ಆದರೆ ಅದೇ ದೋಣಿ ಮುಂದೆ ಸಾಗಿ, ಹೆಜ್ಜಾರ್ಲೆಯೊಂದು ದೂರದ ನಡುಗಡ್ಡೆಯ ಮರದ ತುದಿಯಲ್ಲಿ ಗೂಡಿನ ಮೇಲೆ ನಿಶ್ಚಲವಾಗಿ ನಿಂತಿದ್ದುದನ್ನು ಕಂಡಾಗ, ಸೂರ್ಯ ನಮ್ಮ ಬೆನ್ನ ಹಿಂದಿದ್ದ. ಆಗ ಮಿತ್ರರು ತೆಗೆದ ಚಿತ್ರದಲ್ಲಿ ತಾಯಿಯ ಗಂಟಲ ಚೀಲದೊಳಗೆ ತಲೆಯಿಟ್ಟ ಮರಿಯೂ, ಆ ಚೀಲದ ಮೇಲಿನ ಕಲೆಗಳೂ ಒಂದೊಂದಾಗಿ ಎಣಿಸುವಂತೆ ಬಂದಿದ್ದುವು. ನನ್ನ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದರೂ ಅಷ್ಟು ಬರಲಿಲ್ಲ. ಬಾಗಿಲು ಸಮನಾಗಿದ್ದರೂ, ಹರಡಿದ ಬೆಳಕನ್ನು ಆ ಕ್ಯಾಮೆರಾ ಹೆಚ್ಚು ನವುರಾಗಿ ಓದುತ್ತದೆ. ದೂರದಲ್ಲಿ, ಒಳ್ಳೆಯ ಬೆಳಕಿನಲ್ಲಿ, ಅಲುಗದೆ ಕುಳಿತ ಹಕ್ಕಿಗೆ ಪಿ900 ನಿಜವಾಗಿಯೂ ಒಳ್ಳೆಯ ಸಾಧನ. ಹಕ್ಕಿಯ ಜಾತಿಯನ್ನು ಗುರುತಿಸಬೇಕೆಂಬುದೇ ಮುಖ್ಯೋದ್ದೇಶವಾದವರು ಅದನ್ನು ನೆಚ್ಚಿದ್ದರಲ್ಲಿ ತಪ್ಪಿಲ್ಲ. ಅದೂ ಬಿಸಿಲೇರುವವರೆಗೆ ಮಾತ್ರ. ಹನ್ನೊಂದು ಗಂಟೆಯ ವೇಳೆಗೆ ಬಂಡೆಗಳ ಮೇಲೆ ಬಿಸಿಲ್ಗುದುರೆ ಕುಣಿಯತೊಡಗಿತೆಂದರೆ, ನಡುವಣ ಗಾಳಿಯೇ ಅಲುಗುವುದರಿಂದ ಎಷ್ಟು ಉದ್ದದ ಜೂಮೂ ಆ ಅಲುಗಾಟವನ್ನೇ ದೊಡ್ಡದು ಮಾಡಿ ತೋರಿಸೀತು. ಮಧ್ಯದ ಉದ್ದಗಳಲ್ಲಿಯೂ ಪಿ900ರ ಸ್ಥಿತಿ ಅಷ್ಟಕ್ಕಷ್ಟೆ: 600 ಮಿಲಿಮೀಟರಿನ ನೋಟಕ್ಕೆ ಇಳಿಸಿದಾಗ ಅದರ ಬಾಗಿಲು ಸೋನಿಯ ಬಾಗಿಲಿನ ಅರ್ಧಕ್ಕಿಂತ ಕಿರಿದಾಗುತ್ತದೆ, ನಮ್ಮ ಬಹುಪಾಲು ಚಿತ್ರಗಳು ಹುಟ್ಟುವುದು ಅಲ್ಲಿಯೇ. ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೆಯೇ ಉಳಿಸಿಕೊಡುವ ರಾ ಕಡತದ ಸೌಕರ್ಯವೂ ಅದರಲ್ಲಿಲ್ಲ. 2020ರ ಪಿ950ರಲ್ಲಿ ಆ ಕೊರತೆ ನೀಗಿತು, ತೂಕ ಒಂದು ಕಿಲೋ ದಾಟಿತು.

ಪಿ1000ದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಚಂದ್ರನ ಕುಳಿಗಳನ್ನು ನೋಡಲು ಅದು ಸೊಗಸು. ಆದರೆ ಸುಮಾರು ಒಂದೂವರೆ ಕಿಲೋ ತೂಗುವ, ಒಂದು ಬ್ಯಾಟರಿಗೆ ಸುಮಾರು 250 ಚಿತ್ರಗಳನ್ನು ಮಾತ್ರ ಕೊಡುವ, ಉದ್ದದ ತುದಿಯಲ್ಲಿ ಏಳು ಮೀಟರಿನೊಳಗಿನ ಯಾವುದನ್ನೂ ಕಾಣದ ಯಂತ್ರವನ್ನು ಪ್ರವಾಸದ ಸಂಗಾತಿಯೆನ್ನಲು ನನ್ನ ಮನಸ್ಸು ಒಪ್ಪದು.

ಹತ್ತಿರದ ನೋಟದ ಮಾತು ಬಂದುದರಿಂದ ಸೋನಿಯ ಒಂದು ಗುಣವನ್ನು ಹೇಳಲೇಬೇಕು, ಏಕೆಂದರೆ ವಿಕ್ರಯದ ಪತ್ರಿಕೆಗಳಲ್ಲಿ ಅದು ಮೂಲೆಯಲ್ಲಿ ಅಡಗಿರುತ್ತದೆ. 600 ಮಿಲಿಮೀಟರಿನ ತುದಿಯಲ್ಲಿ ಅದು 72 ಸೆಂಟಿಮೀಟರು ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣಬಲ್ಲದು. ಆಗುಂಬೆಯ ರಸ್ತೆಯಂಚಿನಲ್ಲಿ, ಮಳೆ ನಿಂತು ಐದು ನಿಮಿಷವೂ ಆಗಿರದ ಹೊತ್ತಿನಲ್ಲಿ, ಒದ್ದೆ ಮಣ್ಣಿನ ಉಪ್ಪನ್ನು ಹೀರುತ್ತ ಕುಳಿತಿದ್ದ ಚಿಟ್ಟೆಯೊಂದರ ಎದುರು ಮಂಡಿಯೂರಿ ನಾನು ಆ ಗುಣವನ್ನು ಅರಿತೆ. ನನ್ನ ನೆರಳು ಅದರ ಮೇಲೆ ಬೀಳಲಿಲ್ಲ, ಅದು ಬೆದರಲಿಲ್ಲ. ಸುರುಳಿ ಬಿಚ್ಚಿದ ಹೀರುನಳಿಕೆಯೂ, ಅದರ ತುದಿಯಲ್ಲಿ ಹೊಳೆದ ಒಂದು ತೊಟ್ಟು ನೀರೂ ಚೌಕಟ್ಟನ್ನು ತುಂಬಿದುವು. ಅಂದು ಮತ್ತೆ ಹನಿಯತೊಡಗಿದಾಗ ನಾನು ಕ್ಯಾಮೆರಾವನ್ನು ಗಾಬರಿಯಿಂದ ಚೀಲಕ್ಕೆ ತುರುಕಲಿಲ್ಲ. ಅದರ ದೇಹ ತೇವವನ್ನೂ ಧೂಳನ್ನೂ ತಡೆಯುವಂತೆ ಕಟ್ಟಲ್ಪಟ್ಟಿದೆ. ಮಲೆನಾಡಿನಲ್ಲಿ ತಿರುಗುವವನಿಗೆ ಇದು ಅಲಂಕಾರದ ಗುಣವಲ್ಲ. ಹಿಂದೆ ನನ್ನಲ್ಲಿದ್ದ ಬೇರೊಂದು ಕ್ಯಾಮೆರಾ, ಲೆನ್ಸು ಒಳಹೊರಗೆ ಚಾಚುವಾಗಲೆಲ್ಲ ಬಂಡೀಪುರದ ಬೇಸಿಗೆಯ ಧೂಳನ್ನು ಉಸಿರಿನೊಡನೆ ಒಳಗೆಳೆದುಕೊಂಡು, ಎರಡನೆಯ ವರ್ಷಕ್ಕೇ ಆಕಾಶದ ಪ್ರತಿ ಚಿತ್ರದಲ್ಲಿಯೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಮೂಡಿಸತೊಡಗಿತ್ತು. ಬಿಚ್ಚಿ ಒರೆಸಲು ಲೆನ್ಸು ಕಳಚುವಂತಿರಲಿಲ್ಲ.

ಸೋನಿಗೆ ದೋಷಗಳಿಲ್ಲವೆಂದಲ್ಲ. ಅದರ ಜೂಮು ಕೈಯ ಬಲದಿಂದಲ್ಲದೆ ಮೋಟರಿನಿಂದ ಚಲಿಸುವುದರಿಂದ, ಹಕ್ಕಿ ಥಟ್ಟನೆ ಎದ್ದಾಗ ಕೈ ಹೇಳಿದ ಮಾತನ್ನು ಲೆನ್ಸು ಒಂದು ಗಳಿಗೆ ತಡವಾಗಿ ಕೇಳುತ್ತದೆ. ಹೊರಬಂದಾಗಲೇ ಅದರ ಬೆಲೆ ಲಕ್ಷ ರೂಪಾಯಿಯನ್ನು ದಾಟಿತ್ತು. ಮತ್ತು ಆ ತೂಕ! ಸಾಯಂಕಾಲದ ಹೊತ್ತಿಗೆ ಕೊರಳ ಪಟ್ಟಿ ತನ್ನ ಇರವನ್ನು ನೆನಪಿಸಿಯೇ ನೆನಪಿಸುತ್ತದೆ. ನಾನು ಅದನ್ನು ಕೊರಳಿನಿಂದ ತೆಗೆದು ಹೆಗಲಿನಿಂದ ಸೊಂಟಕ್ಕೆ ಅಡ್ಡವಾಗಿ ಹಾಕಿಕೊಳ್ಳುವುದನ್ನು ಕಲಿತ ಮೇಲೆ ಸಹ್ಯವಾಯಿತು. ಹಕ್ಕಿಯೇ ಪ್ರಯಾಣದ ಪ್ರಧಾನ ಕಾರಣವಾದವರಿಗೆ ಈ ವರ್ಗದಲ್ಲಿ ಇದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಹಕ್ಕಿ ದಾರಿಯಲ್ಲಿ ಸಿಕ್ಕಿದರೆ ಸಂತೋಷ, ಪ್ರಯಾಣವೇ ಮುಖ್ಯ ಎನ್ನುವವರಿಗೆ ಎಫ್‌ಜಡ್1000 ಸಾಕು. ಅದರ ಸೆನ್ಸರು ಸೋನಿಯಷ್ಟೇ ದೊಡ್ಡದು, ಸಣ್ಣ ಕ್ಯಾಮೆರಾಗಳ ಸೆನ್ಸರಿನ ನಾಲ್ಕರಷ್ಟು. ದೇಗುಲದ ಒಳಗಿನ ಮಂದ ಬೆಳಕಿನಲ್ಲಿ ಅದು ಕೈಬಿಡುವುದಿಲ್ಲ. ಅದರ 400 ಮಿಲಿಮೀಟರಿನ ನೋಟ ಸಾಲದೆಂದು ಕೊರಗುವವರು ಒಮ್ಮೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬರಬೇಕು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ಮಧ್ಯದ ಹುಣಿಸೆಮರಗಳಲ್ಲಿ, ಮನೆಗಳ ಮೇಲೆಯೇ ಗೂಡು ಕಟ್ಟುತ್ತವೆ. ಜಗುಲಿಯ ಮೇಲೆ ಕುಳಿತವನಿಗೆ 400 ಧಾರಾಳವಾಯಿತು. ಊರವರು ತಲೆತಲಾಂತರದಿಂದ ಕೊಟ್ಟ ಅಭಯ ಅಲ್ಲಿ ದೂರವನ್ನು ಅಳಿಸಿದೆ. ಆ ಅಭಯವಿಲ್ಲದ ಇತರ ಕಡೆಗಳಲ್ಲಿ ಉದ್ದದ ಲೆನ್ಸು ನಮ್ಮ ಅನುಕೂಲಕ್ಕಿಂತ ಹಕ್ಕಿಯ ನೆಮ್ಮದಿಗೇ ಹೆಚ್ಚು ಬೇಕು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭವನ್ನು ಹತ್ತಿರ ಹೋಗಿ ಎಬ್ಬಿಸಿದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ಅಲ್ಲಿ ಕಾಲು ಮುಂದಿಡಬಾರದು.

ವಯಸ್ಸಾದವರಿಗೆ, ಕೈಯಲ್ಲಿ ಬಲ ಕುಂದಿದವರಿಗೆ ನಾನು ಎಸ್‌ಎಕ್ಸ್70ನ್ನು ಹೇಳುತ್ತೇನೆ. ಬೆಳಗಿನ ಮೊದಲ ಗಳಿಗೆಯಲ್ಲಿ ಅದರ ಚಿತ್ರಗಳು ಮರಳು ಮರಳಾಗಿ ಬಂದಾವು. ಆದರೆ ಅದರ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿಯಿದೆ. ಉದ್ದದ ತುದಿಯಲ್ಲಿ ಹಕ್ಕಿ ತಪ್ಪಿಹೋದಾಗ ಅದನ್ನು ಒತ್ತಿ ಹಿಡಿದರೆ ಲೆನ್ಸು ತಾನೇ ಹಿಂದೆಗೆದು ವಿಶಾಲವಾಗಿ ತೋರುತ್ತದೆ. ಹಕ್ಕಿಯನ್ನು ನಡುವಿಗೆ ತಂದು ಬೆರಳು ತೆಗೆದರೆ ಮತ್ತೆ ಹಿಂದಿದ್ದ ಉದ್ದಕ್ಕೇ ಮರಳುತ್ತದೆ. ಇಂಥದೇ ಗುಂಡಿ ಪಿ900ರಲ್ಲಿಯೂ ಇದೆ. ದೋಣಿಯ ದಿನ ನನ್ನ ಮಿತ್ರರಿಗೆ ಅದರ ಅಭ್ಯಾಸವಾಗಿರಲಿಲ್ಲ.

ಕೊಳ್ಳಹೋದವರು ಅಂಗಡಿಯ ಒಳಗಿನ ದೀಪದಲ್ಲಿ ಗೋಡೆಯ ಗಡಿಯಾರವನ್ನು ಚಿತ್ರಿಸಿ ನೋಡಿ ತೃಪ್ತರಾಗಬಾರದು. ಕ್ಯಾಮೆರಾವನ್ನು ಕೇಳಿ ಬಾಗಿಲಿಗೆ ತನ್ನಿರಿ. ನಮ್ಮ ಪೇಟೆಬೀದಿಗಳ ಮೇಲೆ ಹದ್ದುಗಳು ಸುತ್ತದ ದಿನವಿಲ್ಲ. ಬರಿಗಣ್ಣಿನಿಂದ ಒಂದು ಹದ್ದನ್ನು ಗೊತ್ತುಮಾಡಿಕೊಂಡು, ಜೂಮನ್ನು ತುದಿಗೆ ಚಾಚಿ, ಕಣ್ಣನ್ನು ವ್ಯೂಫೈಂಡರಿಗೆ ಕೊಟ್ಟು ಅದನ್ನು ಹುಡುಕಿರಿ; ಸಿಕ್ಕಿದ ಮೇಲೆ ಒಂದು ಸುತ್ತು ಪೂರ್ತಿ ಅದನ್ನು ಹಿಂಬಾಲಿಸಿರಿ. ಮೂರು ಸಲ ಪ್ರಯತ್ನಿಸಿಯೂ ಹಕ್ಕಿ ಚೌಕಟ್ಟಿಗೆ ಬಾರದಿದ್ದರೆ, ಅಥವಾ ಆ ಒಂದು ಸುತ್ತು ಮುಗಿಯುವ ಮೊದಲೇ ಮಣಿಕಟ್ಟು ನಡುಗತೊಡಗಿದರೆ, ಅದನ್ನು ಹಿಂತಿರುಗಿಸಿ ಪಕ್ಕದ ಇನ್ನೊಂದನ್ನು ಕೇಳಿರಿ.