ಎಲ್ಲೆಡೆ ಓಡುವ ಕಂಟೇನರ್: ಹೇಳದೆ ಬಿಟ್ಟ ಷರತ್ತು

ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಡನೆ 'ಕಂಟೇನರ್' ಎಂಬ ಪೆಟ್ಟಿಗೆಯಲ್ಲಿ ಕಟ್ಟಿಟ್ಟರೆ ಅದು ಯಾವ ಲಿನಕ್ಸ್ ಗಣಕದಲ್ಲಾದರೂ ಓಡುತ್ತದೆ. ಇದು 2013ರಲ್ಲಿ ಬಂದ 'ಡಾಕರ್' ತಂತ್ರಾಂಶ ಕೊಟ್ಟ ಭರವಸೆ. ಆದರೆ ಡಾಕರ್ ಅನ್ನೇ ಡೆಬಿಯನ್, ಫೆಡೋರಾ ಮುಂತಾದ ವಿತರಣೆಗಳಿಗೆ ಬೇರೆಬೇರೆಯಾಗಿ ಕಟ್ಟಬೇಕಾಯಿತು. ಡೆಬಿಯನ್‌ನಲ್ಲಿ ಆ ಹೆಸರು ಆಗಲೇ ಬೇರೊಂದು ಸಣ್ಣ ತಂತ್ರಾಂಶಕ್ಕಿದ್ದುದರಿಂದ ಇದು 'ಡಾಕರ್ ಡಾಟ್ ಐಓ' ಆಯಿತು.

ಹೆಸರಿನ ಗೊಂದಲ ಸಣ್ಣದು. ಮೂಲ ಕಾರಣ ಬೇರೆ. ಕಂಟೇನರ್ ಸ್ವತಂತ್ರ ಯಂತ್ರವಲ್ಲ. ಅದು ಆತಿಥೇಯ ಗಣಕದ ಕರ್ನೆಲ್ ಅನ್ನೇ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೇ, ಬಳಸುತ್ತದೆ. ಸ್ಮೃತಿ ಮತ್ತು ಸಂಸ್ಕಾರಕದ ಪಾಲನ್ನು ನಿಗದಿಪಡಿಸುವ ಕರ್ನೆಲ್ ಸೌಲಭ್ಯಕ್ಕೆ 'ಸಿಗ್ರೂಪ್' ಎಂದು ಹೆಸರು. 2019ರ ಅಕ್ಟೋಬರ್‌ನಲ್ಲಿ ಫೆಡೋರಾ 31 ಇದರ 2ನೇ ಆವೃತ್ತಿಗೆ ಬದಲಾದಾಗ, ಹಳೆಯದಕ್ಕೆ ಮರಳಿಸದ ಹೊರತು ಡಾಕರ್ ಅಲ್ಲಿ ಓಡಲಿಲ್ಲ. ಹೊಸದಕ್ಕೆ ಹೊಂದುವ ಡಾಕರ್ 20.10 ಬಂದದ್ದು 2020ರ ಡಿಸೆಂಬರ್‌ನಲ್ಲಿ.

ಕಂಟೇನರ್ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಬಾಯ್ಲ್‌ನ ನಿಯಮವನ್ನು ಕಲಿಸುವಾಗ 'ತಾಪ ಸ್ಥಿರವಾಗಿದ್ದರೆ' ಎಂದು ಸೇರಿಸುತ್ತೇವಲ್ಲವೆ? ಹಾಗೆಯೇ 'ಎಲ್ಲೆಡೆ ಓಡುತ್ತದೆ' ಎನ್ನುವಾಗ 'ಕರ್ನೆಲ್ ಹೊಂದಿದರೆ' ಎಂಬುದನ್ನೂ ಹೇಳಬೇಕು. ಇಲ್ಲವಾದರೆ, ಅದು ಓಡದ ದಿನ ವಿದ್ಯಾರ್ಥಿ ತಪ್ಪನ್ನು ತನ್ನಲ್ಲೇ ಹುಡುಕುತ್ತಾನೆ.