ತಪ್ಪು ಉತ್ತರ

ಮುಳ್ಳೋಡಿಯಲ್ಲಿ ಜೀಪಿನಿಂದ ಇಳಿದಾಗ ಬೆಳಗಿನ ಆರೂವರೆ. ನವೆಂಬರಿನ ಚಳಿ. ಗೈಡ್ ಎಲೆಯಡಿಕೆ ಮೆಲ್ಲುತ್ತ ನಿಂತಿದ್ದ, ಉಳಿದವರು ಶೂ ಲೇಸು ಬಿಗಿಮಾಡುತ್ತಿದ್ದರು. ನಾನು ಕೈಯಿಂದ ವಾಚು ಬಿಚ್ಚಿ ಜೀಪಿನ ಬಾನೆಟ್ಟಿನ ಮೇಲಿಟ್ಟೆ. ವಾಚು ಹೊಸದು, ಅದರೊಳಗೆ ಡಿಜಿಟಲ್ ದಿಕ್ಸೂಚಿ ಇದೆ, ಹೊರಡುವ ಮುಂಚೆ ಒಮ್ಮೆ ಕ್ಯಾಲಿಬ್ರೇಟ್ ಮಾಡಿಕೊಳ್ಳೋಣ ಎಂಬ ಹುಮ್ಮಸ್ಸು. ಸಮತಟ್ಟಾದ ಜಾಗ ಬೇಕು ಅಂತ ಕೈಪಿಡಿಯಲ್ಲಿತ್ತು. ಆ ಏರುತಗ್ಗಿನ ಊರಲ್ಲಿ ಬಾನೆಟ್ಟಿಗಿಂತ ಸಮತಟ್ಟಾದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಗುಂಡಿ ಒತ್ತಿದೆ, ತೆರೆಯ ಮೇಲೆ ಒಂದು ಅಂತ ಬಂತು. ಮತ್ತೆ ಒತ್ತಿದೆ, ಓಕೆ. ವಾಚನ್ನು ಅರ್ಧ ಸುತ್ತು ತಿರುಗಿಸಿದೆ, ಎರಡು ಅಂತ ಬಂತು. ಒತ್ತಿದೆ, ಓಕೆ. ಹದಿನೈದು ಸೆಕೆಂಡಿನಲ್ಲಿ ಕೆಲಸ ಮುಗಿಯಿತು.

ಒಂಟಿಮರ ದಾಟಿ ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಮಂಜು ಕವಿದುಕೊಂಡಿತ್ತು. ಹತ್ತು ಮಾರು ಆಚೆ ನಿಂತವನು ಮನುಷ್ಯನೋ ಕಲ್ಲೋ ತಿಳಿಯದು. ಒಂಬತ್ತು ಗಂಟೆಯ ಹೊತ್ತಿಗೆ ಮಂಜಿನ ಒಂದು ಮಗ್ಗುಲು ತೆಳುವಾಗಿ, ಹಾಲಿನಲ್ಲಿ ಅದ್ದಿದ ತಟ್ಟೆಯಂತೆ ಸೂರ್ಯ ಕಂಡ. ವಾಚನ್ನು ಅತ್ತ ಹಿಡಿದೆ: 76 ಡಿಗ್ರಿ. ನವೆಂಬರಿನ ಒಂಬತ್ತು ಗಂಟೆಗೆ ಸೂರ್ಯ ಇರಬೇಕಾದದ್ದು ಆಗ್ನೇಯದ ಕಡೆ, 120ರ ಆಸುಪಾಸಿನಲ್ಲಿ. ನನ್ನ ವಾಚಿನ ಲೆಕ್ಕದಲ್ಲಿ ಆ ದಿನ ನವೆಂಬರಿನಲ್ಲಿ ಮೇ ತಿಂಗಳ ಸೂರ್ಯ ಮೂಡಿದ್ದ. ಗೈಡ್ ನನ್ನ ಮುಖ ನೋಡಿದ. ‘ಗಡಿಯಾರ ಟೈಮ್ ಸರಿ ತೋರಿಸ್ತದಲ್ಲ ಸಾರ್, ಸಾಕು ಬಿಡಿ’ ಅಂದು ಮುಂದೆ ನಡೆದ.

ನಾನು ಗೂಬೆ ಕೂರಿಸಿದ್ದು ಅದಿರಿನ ಮೇಲೆ. ಕುದುರೆಮುಖದಲ್ಲಿ ಇಂಥ ನೆವಕ್ಕೆ ಬರವಿಲ್ಲ. ಈ ಬೆಟ್ಟಗಳ ಹೊಟ್ಟೆಯಲ್ಲಿರುವುದು ಮ್ಯಾಗ್ನಟೈಟ್, ಹೆಸರಿನಲ್ಲೇ ಅಯಸ್ಕಾಂತವಿರುವ ಕಬ್ಬಿಣದ ಅದಿರು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ಮುಚ್ಚುವ ತನಕ ಇದನ್ನೇ ಅರೆದು, ನೀರಿಗೆ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಅಂಥ ಬಂಡೆಯ ಮೇಲೆ ದಿಕ್ಸೂಚಿ ಇಟ್ಟರೆ ದಿಕ್ಕೆಡುವುದು ನಿಜವೇ. ಆದರೆ ನಾವು ನಿಂತದ್ದು ಹುಲ್ಲಿನ ಮೇಲೆ. ಇಳಿಯುವಾಗ ಅದೇ ಜಾಗದಲ್ಲಿ ನಿಂತು, ಬ್ಯಾಗಿನ ಮೇಲೆ ಪುಸ್ತಕವಿಟ್ಟು, ಅದರ ಮೇಲೆ ವಾಚಿಟ್ಟು ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿದೆ. ಮಧ್ಯಾಹ್ನದ ಸೂರ್ಯ ಇರಬೇಕಾದ ಕಡೆಯೇ ಇದ್ದ. ಅದಿರು ನಿರಪರಾಧಿ. ತಪ್ಪು ಬಾನೆಟ್ಟಿನದು, ಅಂದರೆ ನನ್ನದು.

ಮುಳ್ಳಿನ ದಿಕ್ಸೂಚಿಯಲ್ಲಿ ಮುಳ್ಳು ತಿರುಗುತ್ತದೆ. ವಾಚಿನೊಳಗೆ ತಿರುಗುವಂಥದ್ದು ಏನೂ ಇಲ್ಲ. ಒಂದು ಪುಟ್ಟ ಸೆನ್ಸರ್ ಕೂತುಕೊಂಡು, ಭೂಮಿಯ ಕಾಂತಕ್ಷೇತ್ರ ಹನ್ನೆರಡು ಗಂಟೆಯ ಕಡೆಗೆ ಎಷ್ಟು, ಮೂರು ಗಂಟೆಯ ಕಡೆಗೆ ಎಷ್ಟು ಅಂತ ಅಳೆದು, ಆ ಎರಡು ಅಂಕಿಗಳಿಂದ ಕೋನದ ಲೆಕ್ಕ ಹಾಕುತ್ತದೆ. ನಮ್ಮ ಕಡೆ ಈ ಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಮೈಗೆ ತಾಗಿಸಿ ಅಳೆದರೆ ಇದರ ನೂರು ಪಟ್ಟಿಗೂ ಮಿಕ್ಕಿ ಸಿಗುತ್ತದೆ. ಭೂಮಿಯದು ಅಷ್ಟು ಮೆಲ್ಲನೆಯ ಪಿಸುಮಾತು. ಅದನ್ನು ಕೇಳಲು ಕೂತ ಸೆನ್ಸರಿನ ಪಕ್ಕದಲ್ಲೇ ಉಕ್ಕಿನ ಕವಚದ ಬ್ಯಾಟರಿ, ಹಿಂದೆ ಲೋಹದ ಮುಚ್ಚಳ, ಸ್ಕ್ರೂಗಳು. ಇವೆಲ್ಲ ಅಷ್ಟಿಷ್ಟು ಕಾಂತತ್ವ ಹೀರಿಕೊಂಡು, ವಾಚು ಯಾವ ಕಡೆ ತಿರುಗಿದರೂ ಸೆನ್ಸರಿನ ಕಿವಿಯಲ್ಲಿ ಒಂದೇ ಸುಳ್ಳನ್ನು ಹೇಳುತ್ತಿರುತ್ತವೆ.

ಸುಳ್ಳು ಒಂದೇ ಆಗಿರುವುದೇ ನಮ್ಮ ಪುಣ್ಯ. ಸಂತೆಯಲ್ಲಿ ತಕ್ಕಡಿ ಹಿಡಿದವನನ್ನು ನಂಬದ ಅಜ್ಜಿಯರು, ಒಮ್ಮೆ ತೂಗಿದ ಮೇಲೆ ಕಲ್ಲನ್ನು ಆ ತಟ್ಟೆಗೂ ಸಾಮಾನನ್ನು ಈ ತಟ್ಟೆಗೂ ಹಾಕಿಸಿ ಇನ್ನೊಮ್ಮೆ ತೂಗಿಸುತ್ತಿದ್ದರು. ತಕ್ಕಡಿಯ ವಾಲು ಅಲ್ಲಿ ಸಿಕ್ಕಿಬೀಳುತ್ತಿತ್ತು. ವಾಚಿನಲ್ಲಿ ನಡೆಯುವುದೂ ಅದೇ. ಒಂದು ದಿಕ್ಕಿಗೆ ಒಂದು ಅಳತೆ, ಸರಿಯಾಗಿ 180 ಡಿಗ್ರಿ ತಿರುಗಿಸಿ ಇನ್ನೊಂದು. ಭೂಮಿಯ ಪಾಲು ತಲೆಕೆಳಗಾಗುತ್ತದೆ, ವಾಚಿನ ಸ್ವಂತ ಸುಳ್ಳು ಹಾಗೇ ಉಳಿಯುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಉಳಿಯುವುದು ಬರೀ ಸುಳ್ಳು, ಅದನ್ನು ಮುಂದಿನ ಎಲ್ಲ ಅಳತೆಗಳಿಂದ ಕಳೆದರಾಯಿತು. ಮೊದಲು ಉತ್ತರಕ್ಕೇ ಇಡಬೇಕೆಂದಿಲ್ಲ, ಯಾವ ದಿಕ್ಕಾದರೂ ಸರಿ. ಎರಡನೆಯದು ಅದಕ್ಕೆ ನೇರ ಬೆನ್ನಾಗಿರಬೇಕು, ಅಷ್ಟೆ. ಹೊಸ ಮಾದರಿಗಳಲ್ಲಿ ಮೂರು ಅಕ್ಷದ ಸೆನ್ಸರ್ ಇರುವುದರಿಂದ ಗಾಳಿಯಲ್ಲಿ ಎಂಟರ ಆಕಾರ ಬರೆಯಿರಿ ಅನ್ನುತ್ತಾರೆ. ನೋಡುವವರಿಗೆ ನಗು ಬಂದೀತು, ಲೆಕ್ಕ ಮಾತ್ರ ಇದೇ.

ಹಾಗಾದರೆ ಬಾನೆಟ್ಟು ಕೆಡಿಸಿದ್ದೇನು? ಅದೂ ಎರಡು ಅಳತೆಗಳಲ್ಲಿ ಒಂದೇ ಆಗಿದ್ದರೆ ಕಳೆದುಹೋಗಬೇಕಿತ್ತಲ್ಲ? ನನಗೂ ಇದು ತಿಳಿಯಲು ಸ್ವಲ್ಪ ದಿನ ಬೇಕಾಯಿತು. ತಿರುಗಿಸುವಾಗ ವಾಚು ನಾಲ್ಕು ಬೆರಳು ಆಚೆಗೆ ಜಾರಿತ್ತು. ಹುಲ್ಲಿನ ಮೇಲೆ ನಾಲ್ಕು ಬೆರಳು ಜಾರಿದರೆ ಏನೂ ಆಗದು. ಎಂಜಿನ್ನಿನ ಮೇಲಿನ ತಗಡಿನಲ್ಲಿ ನಾಲ್ಕು ಬೆರಳೆಂದರೆ ಬೇರೆಯೇ ಊರು, ಕ್ಷೇತ್ರದ ದಿಕ್ಕೂ ಬಲವೂ ಬದಲಾಗಿರುತ್ತವೆ. ಕಲ್ಲು ಬದಲಿಸುವಾಗ ತಕ್ಕಡಿಯನ್ನೇ ಬದಲಿಸಿದಂತಾಯಿತು. ಅಲ್ಲಿ ಹುಟ್ಟಿದ ತಪ್ಪನ್ನು ವಾಚು ನಿಯತ್ತಾಗಿ ನೆನಪಿಟ್ಟುಕೊಂಡು ಬೆಟ್ಟದ ಮೇಲೆ ನನಗೆ ಒಪ್ಪಿಸಿತು. ಕ್ಯಾಲಿಬ್ರೇಷನ್ ಹೇಗೆ ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ, ಎಲ್ಲಿ ಮಾಡಬೇಕೆಂದು ಕೇಳುವವರು ಕಮ್ಮಿ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಚಿಕ್ಕಮಗಳೂರಿನ ನಮ್ಮ ತಾರಸಿಯಿಂದ ವಾಯವ್ಯಕ್ಕೆ ಮುಳ್ಳಯ್ಯನಗಿರಿ ಕಾಣುತ್ತದೆ. ನಕ್ಷೆಯ ಮೇಲೆ ಗೆರೆ ಎಳೆದರೆ 324 ಡಿಗ್ರಿ. ವಾಚನ್ನು ಎದೆಮಟ್ಟಕ್ಕೆ ಹಿಡಿದಾಗ 327 ಬಂತು, ಅಡ್ಡಿಯಿಲ್ಲ. ಪ್ಯಾರಾಪೆಟ್ಟಿನ ಮೇಲಿಟ್ಟಾಗ 341. ಮುಂದೆ ಮಹಡಿ ಎತ್ತಲು ಅಂತ ಕಂಬದ ಸರಳುಗಳನ್ನು ಹಾಗೇ ಬಿಟ್ಟಿದ್ದೇವಲ್ಲ, ಆ ಮೂಲೆಯಲ್ಲಿ ನೆಲದ ಮೇಲಿಟ್ಟರೆ 290. ಮುಳ್ಳಯ್ಯನಗಿರಿ ಪಶ್ಚಿಮಕ್ಕೆ ಸರಿದುಹೋಗಿತ್ತು. ಆರ್‌ಸಿಸಿ ನೆಲದ ಮೇಲೆ ದಿಕ್ಸೂಚಿ ಇಟ್ಟು ಅಡುಗೆಮನೆ ಒಡೆಸುವ ವಾಸ್ತು ಪಂಡಿತರು ಈ ಆಟವನ್ನು ಒಮ್ಮೆ ಆಡಿ ನೋಡಬೇಕು. ಅರ್ಧ ಆಳೆತ್ತರ ಮೇಲೆತ್ತಿದರೆ ಎಷ್ಟೋ ಮನೆಗಳ ಆಗ್ನೇಯ ತಾನಾಗಿ ಸರಿಹೋದೀತು.

ಇದು ಬರೀ ವಾಚಿನ ಗೋಳಲ್ಲ. ಮುಂಬೈಯ ಕೊಲಾಬಾದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಭೂಕಾಂತತ್ವವನ್ನು ಅಳೆಯುತ್ತಿದ್ದ ವೀಕ್ಷಣಾಲಯವಿತ್ತು. ಊರಿನ ಕುದುರೆ ಟ್ರಾಮುಗಳು ವಿದ್ಯುತ್ ಟ್ರಾಮುಗಳಾಗುವ ಸುದ್ದಿ ಬಂದಾಗ, ಆ ಕರೆಂಟು ತಮ್ಮ ಉಪಕರಣಗಳನ್ನು ಕೆಡಿಸುತ್ತದೆಂದು ತಿಳಿದವರು 1904ರ ಹೊತ್ತಿಗೆ ಕೊಲ್ಲಿಯ ಆಚೆ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ಕಬ್ಬಿಣದ ಸೋಂಕು ಇರಬಾರದೆಂದು ಕಟ್ಟಡದ ಕಲ್ಲನ್ನೂ ಆರಿಸಿ ತಂದರು. ಸುಮಾರು ಎರಡು ವರ್ಷ ಎರಡೂ ಕಡೆ ಒಟ್ಟೊಟ್ಟಿಗೆ ಅಳತೆ ಮಾಡಿ, ಲೆಕ್ಕ ತಾಳೆಯಾದ ಮೇಲೆಯೇ ಕೊಲಾಬಾದ ಅಳತೆ ನಿಲ್ಲಿಸಿದರು. ಒಂದು ಟ್ರಾಮಿಗೆ ಹೆದರಿ ಕಡಲು ದಾಟಿದವರ ಮುಂದೆ, ಫೋನಿನ ಪಕ್ಕ ವಾಚಿಟ್ಟು ಉತ್ತರ ಹುಡುಕುವ ನಾವು ಯಾವ ಲೆಕ್ಕ?

ನಮ್ಮ ನೆಲ ಈ ವಿಷಯದಲ್ಲಿ ನಮಗೆ ಒಲಿದಿದೆ ಅನ್ನುವುದನ್ನೂ ಹೇಳಬೇಕು. ಕಾಂತ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. ಹಾಗಾಗಿ ದಕ್ಷಿಣ ಕರ್ನಾಟಕದಲ್ಲಿ ಕಾಂತಕ್ಷೇತ್ರ ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ, ನೆಲದ ಕಡೆ ಬಾಗುವುದು ಹತ್ತು ಹದಿನೈದು ಡಿಗ್ರಿ ಮಾತ್ರ. ಹೆಲ್ಸಿಂಕಿಯಲ್ಲಿ ಅದು 70 ಡಿಗ್ರಿಗೂ ಹೆಚ್ಚು ಬಾಗಿ ಬಹುಪಾಲು ಪಾತಾಳವನ್ನೇ ತೋರಿಸುತ್ತದೆ. ಓರೆಯನ್ನು ಸರಿದೂಗಿಸಿಕೊಳ್ಳಲಾರದ ಸಾದಾ ವಾಚನ್ನು 15 ಡಿಗ್ರಿ ಓರೆಯಾಗಿ ಹಿಡಿದರೆ ನಮ್ಮಲ್ಲಿ ಆಗುವ ತಪ್ಪು ಹೆಚ್ಚೆಂದರೆ ಮೂರು ನಾಲ್ಕು ಡಿಗ್ರಿ. ಅಲ್ಲಿ ಅದೇ ಓರೆಗೆ ನಲವತ್ತರ ಆಸುಪಾಸು ತಪ್ಪಬಹುದು. 1936ರಲ್ಲಿ ಶುರುವಾದ ದಿಕ್ಸೂಚಿ ಕಂಪನಿ ಸೂಂಟೊ ಫಿನ್ಲೆಂಡಿನದು. ಎತ್ತರ, ಗಾಳಿಯೊತ್ತಡ, ದಿಕ್ಕು ಮೂರನ್ನೂ ತೋರುವ ವೆಕ್ಟರ್ ಎಂಬ ವಾಚನ್ನು 1998ರಲ್ಲಿ ತಂದದ್ದೂ ಅವರೇ. ಓರೆಯ ಕಷ್ಟ ಅವರಷ್ಟು ನಮಗೆ ಗೊತ್ತಿಲ್ಲ.

ಡೆಕ್ಲಿನೇಷನ್ ಎಂಬ ಇನ್ನೊಂದು ಸೆಟ್ಟಿಂಗ್ ಇರುತ್ತದೆ. ಕಾಂತದ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ಅಂತರ ಅದು. ಬೆಂಗಳೂರಿನಲ್ಲಿ ಪಶ್ಚಿಮಕ್ಕೆ ಒಂದೂವರೆ ಡಿಗ್ರಿಯ ಆಸುಪಾಸು, ಸೊನ್ನೆ ಅಂತಲೇ ಇಟ್ಟುಕೊಂಡರೂ ಯಾರೂ ಕಾಡಲ್ಲಿ ಕಳೆದುಹೋಗುವುದಿಲ್ಲ. ಆದರೆ ಸಿಯಾಟಲ್ಲಿನಿಂದ ಬಂದ ನನ್ನ ಸೋದರಳಿಯನ ವಾಚಿನಲ್ಲಿ ಅಲ್ಲಿನ 15 ಡಿಗ್ರಿ ಪೂರ್ವ ಹಾಗೇ ಕೂತಿತ್ತು. ದೇವರಮನೆ ಗುಡ್ಡದ ಮೇಲೆ ನಾವಿಬ್ಬರೂ ಹದಿನಾರು ಡಿಗ್ರಿ ಅಂತರದಲ್ಲಿ ಜಗಳಾಡಿದೆವು. ಆ ಲೆಕ್ಕದಲ್ಲಿ ನಡೆದರೆ ಕಿಲೋಮೀಟರಿಗೆ 290 ಮೀಟರಿನಷ್ಟು ಬೇರೆಯಾಗುತ್ತಿದ್ದೆವು. ವಿದೇಶದಿಂದ ರಜೆಗೆ ಬರುವವರು ಟೈಮ್ ಬದಲಿಸಿಕೊಳ್ಳುವಾಗ ಇದನ್ನೂ ಬದಲಿಸಿಕೊಳ್ಳುವುದು ಒಳ್ಳೆಯದು.

ಫೋನಿನಲ್ಲಿ ಜಿಪಿಎಸ್ ಇರುವಾಗ ಇದೆಲ್ಲ ಏಕೆ ಅನ್ನುವವರಿಗೆ ಒಂದೇ ಮಾತು. ನೀವು ಎಲ್ಲಿದ್ದೀರಿ ಅನ್ನುವುದು ಜಿಪಿಎಸ್‌ಗೆ ಗೊತ್ತು, ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಅನ್ನುವುದು ಗೊತ್ತಿಲ್ಲ. ಹತ್ತಾರು ಹೆಜ್ಜೆ ನಡೆದು ತೋರಿಸಿದರೆ ಊಹಿಸುತ್ತದೆ. ಮಂಜಿನಲ್ಲಿ, ಎರಡೂ ಕಡೆ ಪ್ರಪಾತವಿರುವ ಏಣಿನ ಮೇಲೆ, ಆ ಹತ್ತಾರು ಹೆಜ್ಜೆಯೇ ದುಬಾರಿ. ಫೋನಿನ ನಕ್ಷೆಯಲ್ಲಿ ನಿಂತಲ್ಲೇ ಬಾಣ ತಿರುಗುತ್ತದಲ್ಲ, ಅದನ್ನು ತಿರುಗಿಸುವುದೂ ಒಳಗಿರುವ ಇಂಥದೇ ಒಂದು ಕಾಂತ ಸೆನ್ಸರ್. ಅದೂ ನಮ್ಮ ತಾರಸಿಯ ಮೂಲೆಯಲ್ಲಿ ಸುಳ್ಳು ಹೇಳುತ್ತದೆ.

ಹಾಗೆಂದು ವಾಚಿನ ದಿಕ್ಸೂಚಿಯನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದೂ ಬೇಡ. ಡಿಗ್ರಿ ಡಿಗ್ರಿಯಾಗಿ ಅಂಕಿ ತೋರಿಸಿದರೂ, ನನ್ನ ವಾಚಿನ ಕೈಪಿಡಿ ಕೊನೆಯ ಪುಟದ ಸಣ್ಣಕ್ಷರದಲ್ಲಿ ಒಪ್ಪಿಕೊಳ್ಳುವುದು ಹತ್ತು ಡಿಗ್ರಿ ಆಚೀಚೆ ಅಂತ. ಹತ್ತು ಡಿಗ್ರಿಗೆ ಕಿಲೋಮೀಟರಿನಲ್ಲಿ 176 ಮೀಟರ್ ತಪ್ಪುತ್ತದೆ. ಶೋಲಾ ಕಾಡಿನಲ್ಲಿ ಅಷ್ಟು ದೂರವೆಂದರೆ ಬೇರೆಯೇ ಹಳ್ಳಕ್ಕೆ ಇಳಿದಂತೆ. ಸೂರ್ಯ ಇರಬೇಕಾದ್ದು ಎತ್ತ, ಇಳಿಜಾರು ಯಾವ ಕಡೆ, ನಡೆಯುತ್ತಿರುವುದು ಪಡುವಣಕ್ಕೋ ತೆಂಕಣಕ್ಕೋ, ಇಂಥ ಪ್ರಶ್ನೆಗಳಿಗೆ ಅದು ಸಾಕು. ಗೆರೆ ಹಿಡಿದು ನಡೆಯಬೇಕಾದಾಗ ನಾನು ಜೇಬಿನಿಂದ ತೆಗೆಯುವುದು ಮುಳ್ಳಿನ ದಿಕ್ಸೂಚಿಯನ್ನೇ.

ಕ್ಯಾಲಿಬ್ರೇಟ್ ಮಾಡುವಾಗ ಜೀಪಿನಿಂದ, ಕರೆಂಟು ಕಂಬದಿಂದ ಮೂವತ್ತು ಹೆಜ್ಜೆ ದೂರ ಹೋಗಿ. ಫೋನು, ಕೈಯ ಕಡಗ, ಚಾರಣದ ಕೋಲು ಪಕ್ಕದವರಿಗೆ ಕೊಡಿ. ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತವಿರುವ ವಾಚುಗಳಿವೆ, ಅಂಥದ್ದಾದರೆ ಪಟ್ಟಿಯನ್ನೇ ಬದಲಿಸಿ. ಮರದ ಹಲಗೆಯೋ ಪುಸ್ತಕವೋ ಸಿಕ್ಕರೆ ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡು, ತಿರುಗಿಸುವಾಗ ವಾಚು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳಿ. ಬ್ಯಾಟರಿ ಬದಲಾದ ಮೇಲೆ ಹಳೆಯ ಕ್ಯಾಲಿಬ್ರೇಷನ್ ನಂಬಬೇಡಿ, ಹೊಸ ಬ್ಯಾಟರಿಯ ಕವಚಕ್ಕೆ ಅದರದ್ದೇ ಸುಳ್ಳಿರುತ್ತದೆ. ನನ್ನ ವಾಚಿಗೆ ಕಳೆದ ವಾರ ಬ್ಯಾಟರಿ ಹಾಕಿಸಿದೆ. ಈ ಭಾನುವಾರ ತಾರಸಿಗೆ ಹೋಗುವುದಿಲ್ಲ, ಎದುರಿನ ಮೈದಾನಕ್ಕೆ ಹೋಗುತ್ತೇನೆ.